ಪೈಲ್ಸ್ ಎಂದು ನೀವೇ ತೀರ್ಮಾನಿಸಬೇಡಿ

ಎರಡು ತಿಂಗಳಿಂದ ಮಲದಲ್ಲಿ ರಕ್ತ. ನೀವು ಮೆಡಿಕಲ್ ಶಾಪಿನ ಮುಲಾಮು, ಮಜ್ಜಿಗೆಯಲ್ಲೇ ದಿನ ದೂಡಿದ್ದೀರಿ. 32ರ ವಯಸ್ಸಿಗೆ ಬಹುಪಾಲು ಅದು ಪೈಲ್ಸೇ ಇರುತ್ತದೆ, ಒಪ್ಪಿದೆ. ಆದರೆ ರಕ್ತ ಮಲದೊಳಗೇ ಬೆರೆತಿದೆ, ಹೋಗಿಬಂದರೂ ಹೊಟ್ಟೆ ಖಾಲಿಯಾದಂತಿಲ್ಲ, ಹಿಮೋಗ್ಲೋಬಿನ್ 9 ಎಂದಿದ್ದೀರಿ. ನನ್ನನ್ನು ಕಾಡುವುದು ಆ ಕೊನೆಯ ಅಂಕಿ. ಗಂಡಸಿಗೆ ರಕ್ತ ಕಡಿಮೆಯಾದರೆ ಸೋರಿಕೆ ಎಲ್ಲೆಂದು ಹುಡುಕಬೇಕು. ಬರೀ ಕಬ್ಬಿಣದ ಮಾತ್ರೆ ನುಂಗಿಸುವುದಲ್ಲ.

ಇಂಥ ಸೋರಿಕೆಗೆ ಕರುಳಿನ ಕ್ಯಾನ್ಸರ್ ಕೂಡ ಕಾರಣವಾಗಬಹುದು, ಅದು ವಯಸ್ಸಾದವರಿಗಷ್ಟೇ ಬರುವುದಲ್ಲ. ‘ಬ್ಲ್ಯಾಕ್ ಪ್ಯಾಂಥರ್’ ನಟ ಚಾಡ್ವಿಕ್ ಬೋಸ್‌ಮನ್ 2020ರಲ್ಲಿ ಕರುಳಿನ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವರಿಗೆ 43. ಅಮೆರಿಕದಲ್ಲಿ 2021ರಲ್ಲಿ ಈ ಕ್ಯಾನ್ಸರ್‌ನ ತಪಾಸಣೆ ಶುರುಮಾಡುವ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿದರು. ಅದು ಲಕ್ಷಣಗಳಿಲ್ಲದವರಿಗೆ, ನೀವು ಕಾಯುವಂತಿಲ್ಲ.

ಈ ವಾರವೇ ಗ್ಯಾಸ್ಟ್ರೋ ತಜ್ಞರನ್ನು ಕಂಡು ಕೊಲೊನೊಸ್ಕೋಪಿ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಪರೀಕ್ಷೆ) ಬಗ್ಗೆ ಕೇಳಿ. ಕರುಳು ಖಾಲಿ ಮಾಡಲು ಹಿಂದಿನ ರಾತ್ರಿ ಕುಡಿಯುವ ಉಪ್ಪುಪ್ಪು ದ್ರಾವಣವೇ ಅದರಲ್ಲಿ ದೊಡ್ಡ ಕಷ್ಟ! ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇತ್ತೇ ಎಂದು ಅಮ್ಮನನ್ನು ವಿಚಾರಿಸಿಕೊಂಡೇ ಹೋಗಿ.