ಹಡಗುಗಳ ರಕ್ಷಣೆಯೂ ಸಂಭವನೀಯತೆಯ ಗಣಿತವೂ

ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿಗೆ ಆಹಾರ ತರುತ್ತಿದ್ದ ಹಡಗುಗಳನ್ನು ಜರ್ಮನಿಯ ಜಲಾಂತರ್ಗಾಮಿಗಳು ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿಸುತ್ತಿದ್ದುವು. ಹಡಗುಗಳು ಕಾವಲಿನೊಡನೆ ಗುಂಪಾಗಿ ಸಾಗುತ್ತಿದ್ದುವು. ದೊಡ್ಡ ಗುಂಪು ಅಪಾಯಕರವೆಂಬುದು ನೌಕಾಧಿಕಾರಿಗಳ ನಂಬಿಕೆ.

1942-43ರಲ್ಲಿ ಭೌತವಿಜ್ಞಾನಿ ಬ್ಲ್ಯಾಕೆಟ್ ಮತ್ತು ಸಂಗಡಿಗರು ಹಿಂದಿನ ಪ್ರಯಾಣಗಳ ಲೆಕ್ಕವನ್ನು ಪರಿಶೀಲಿಸಿದರು. ಗುಂಪು ಹಿರಿದಾದರೂ ಶತ್ರುವಿನ ಕಣ್ಣಿಗೆ ಬೀಳುವ ಸಂಭವನೀಯತೆ ಹೆಚ್ಚು ಬದಲಾಗದು. ದಾಳಿಯಲ್ಲಿ ಮುಳುಗುವ ಹಡಗುಗಳ ಸಂಖ್ಯೆಯೂ ಸುಮಾರು ಅಷ್ಟೇ ಎಂದು ಕಂಡಿತು.

ದಾಳಿಗೆ 3 ಹಡಗುಗಳು ಮುಳುಗುವುವೆಂದು ಭಾವಿಸೋಣ. 30ರ ಗುಂಪಿನಲ್ಲಿ ನಷ್ಟ ಶೇಕಡ 10. 60ರ ಗುಂಪಿನಲ್ಲಿ 5 ಮಾತ್ರ. ಗುಂಪಿನ ವಿಸ್ತೀರ್ಣ 2 ಪಟ್ಟಾದರೂ ಕಾವಲಿಡಬೇಕಾದ ಸುತ್ತಳತೆ ಸುಮಾರು 1.4 ಪಟ್ಟು. ತರಗತಿಯಲ್ಲಿ ನಾವು ಕಲಿಸುವ ವರ್ಗಮೂಲವೇ ಇದು!

1943ರಲ್ಲಿ ದೊಡ್ಡ ಗುಂಪುಗಳಿಗೆ ಒಪ್ಪಿಗೆ ದೊರೆಯಿತು. ಒಂದೊಂದು ಅಂಕೆಯ ಹಿಂದೆಯೂ ನಾವಿಕರ ಪ್ರಾಣವಿತ್ತು. ವಿದ್ಯಾರ್ಥಿಗಳೇ, ನಂಬಿಕೆಯನ್ನೂ ಲೆಕ್ಕಕ್ಕೊಡ್ಡಿ ನೋಡುವುದನ್ನು ಕಲಿಯೋಣ.