ಅ ಆ ಇ ಈ ಇಂದ ಶುರು ಮಾಡಬೇಡ

ನಿನ್ನ ಫಾಂಟಿನ ಸ್ಕೆಚ್ ಪುಸ್ತಕ ನೋಡಿದೆನಮ್ಮ. ತಲೆಕಟ್ಟು ಕಿತ್ತುಹಾಕಿ ಅಲ್ಲೊಂದು ಓರೆ ಗೀಟು ಎಳೆದಿದ್ದೀಯ. ಧೈರ್ಯ ಮೆಚ್ಚಿದೆ. ಆದರೆ ವರ್ಣಮಾಲೆಯ ಕ್ರಮದಲ್ಲೇ ಬಿಡಿಸುತ್ತ ಹೋಗಿದ್ದೀಯಲ್ಲ, ನನ್ನ ತಕರಾರು ಅಲ್ಲಿ. ಸ್ವರಾಕ್ಷರ ಪದದ ಮೊದಲಲ್ಲಿ ಬಿಟ್ಟರೆ ಬೇರೆಡೆ ಬರುವುದೇ ಅಪರೂಪ. ಅವು ಚೆಂದ ಬಂದವೆಂದು ಹಿಗ್ಗಿದರೆ ಫಾಂಟು ನಿಲ್ಲುವುದಿಲ್ಲ.

ಮೊದಲು ತೊಡಕಿನವನ್ನು ಹಿಡಿ. ದೀರ್ಘ, ಗುಡಿಸು, ಏತ್ವ ಎಲ್ಲ ಬಂದು ಕೂರುವುದು ತಲೆಕಟ್ಟಿನ ಜಾಗದಲ್ಲೇ. ಹಾಗಾದರೆ ಕಾ, ಕಿ, ಕೆ ಬಂದಾಗ ನಿನ್ನ ಓರೆ ಗೀಟು ಎಲ್ಲಿ ಹೋಗಬೇಕು? ಬ, ಲ, ಜ, ಣ ಇವಕ್ಕೆ ಮೊದಲಿಂದಲೂ ತಲೆಕಟ್ಟಿಲ್ಲ. ಅವಕ್ಕೂ ಗೀಟು ಕೊಡುತ್ತೀಯೋ, ಬೋಳು ಬಿಡುತ್ತೀಯೋ? ಪೆನ್ಸಿಲ್ ಕೈಯಲ್ಲಿರುವಾಗಲೇ ತೀರ್ಮಾನವಾಗಲಿ. ಇನ್ನು ‘ವ’. ಅದರ ಪಕ್ಕಕ್ಕೆ ಮಾಮೂಲಿ ಕೊಂಬು ಹಚ್ಚಿದರೆ ‘ಮ’ದಂತೆ ಕಾಣುತ್ತದೆ. ಅದಕ್ಕೇ ‘ವು’ ಬರೆಯುವಾಗ ಕೊಂಬನ್ನು ಬುಡದಿಂದ ಎಳೆಯುವುದು, ‘ಪು’ವಿಗೂ ಹಾಗೇ. ನಿನ್ನ ಹಾಳೆಯಲ್ಲಿ ‘ಹಾವು’ ಎಂದು ಬರೆದಿದ್ದೀಯ, ನಾನು ‘ಹಾಮ’ ಎಂದು ಓದಿದೆ. ಈ ಹಾವು ಕಚ್ಚುವುದು ಬರೆದವರನ್ನೇ.

ಒತ್ತಕ್ಷರದ ವಿಷಯ ಇನ್ನೂ ಕಷ್ಟದ್ದು. ತ, ನ, ಮ, ಯ, ರ, ಲ ಇವುಗಳ ಒತ್ತಿಗೂ ಮೂಲಾಕ್ಷರಕ್ಕೂ ಹೋಲಿಕೆಯೇ ಇಲ್ಲ, ಹೊಸದಾಗಿ ಬಿಡಿಸಲೇಬೇಕು. ಉಳಿದವನ್ನು ಕಂಪ್ಯೂಟರಿನಲ್ಲಿ ಕುಗ್ಗಿಸಿ ಕೆಳಗಿಟ್ಟರಾಯಿತು ಎಂದುಕೊಳ್ಳಬೇಡ. ಅಕ್ಷರ ಕುಗ್ಗಿದರೆ ಗೆರೆಯೂ ಸೊರಗುತ್ತದೆ. ಸಣ್ಣದಾಗಿಯೇ ಮತ್ತೆ ಬರೆದು, ಗೆರೆಯ ದಪ್ಪವನ್ನು ಮೇಲಿನ ಅಕ್ಷರಕ್ಕೆ ಹೊಂದಿಸು. ರಾಷ್ಟ್ರ, ಸ್ತ್ರೀ, ಲಕ್ಷ್ಮಿ, ಈ ಮೂರನ್ನೂ ಒಂದರ ಕೆಳಗೊಂದು ಬರೆದು ನೋಡು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿದರೆ ಅಕ್ಷರದ ಎತ್ತರವನ್ನೇ ತಗ್ಗಿಸಬೇಕಾದೀತು. ಈಗಾದರೆ ಒಂದು ಸಂಜೆಯ ಕೆಲಸ, ನೂರಾರು ಗ್ಲಿಫ್ ಮುಗಿದ ಮೇಲೆ ಗೊತ್ತಾದರೆ ಅಳಬೇಕು.

ಸ್ಕ್ಯಾನ್ ಮಾಡಿದ ತಕ್ಷಣ ಆಟೋ ಟ್ರೇಸ್ ಒತ್ತಬೇಡ. ಅದಕ್ಕೆ ಕಾಗದದ ತರಿಯೂ ಒಂದೇ, ನಿನ್ನ ಕೈಯ ಬಳುಕೂ ಒಂದೇ. ಗೆರೆಯ ಉದ್ದಕ್ಕೂ ಬಿಂದುಗಳ ಸಂತೆ ನೆರೆಸಿಬಿಡುತ್ತದೆ. ಸ್ಕ್ಯಾನನ್ನು ಹಿಂದಿಟ್ಟುಕೊಂಡು, ಆದಷ್ಟು ಕಡಿಮೆ ಬಿಂದುಗಳಲ್ಲಿ ನೀನೇ ಎಳೆ. ಹಾಗಂತ ತೀರಾ ನುಣುಪು ಮಾಡಲೂ ಬೇಡ. ನಿನ್ನ ‘ಳ’ದ ಬಾಲ ಎಡಕ್ಕೆ ವಾಲಿದೆ, ನನಗೆ ಇಷ್ಟವಾಯಿತು. ಅದೇ ವಾಲಿಕೆ ಕೊಂಬಿನ ತುದಿಗೂ ಏತ್ವದ ತುದಿಗೂ ಬರಲಿ. ಒಂದೇ ಕಡೆ ಇದ್ದರೆ ಕೈ ಜಾರಿದೆ ಅಂತಾರೆ, ಹತ್ತು ಕಡೆ ಇದ್ದರೆ ಶೈಲಿ ಅಂತಾರೆ. ಲೋಕವೇ ಹಾಗೆ!

1843ರಲ್ಲಿ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಬಂತು, ಕೈಬರಹವೇ ಪತ್ರಿಕೆಯ ಅಕ್ಷರ. ಅಚ್ಚುಮೊಳೆಯಲ್ಲಾದರೆ ಒಂದು ಅಕ್ಷರ ಎಲ್ಲಿ ಕೂತರೂ ಅದೇ ಮುಖ. ನಿನಗೆ ಆ ಕಟ್ಟಿಲ್ಲ. ‘ರ’, ‘ನ’ದಂಥ ಪದೇಪದೇ ಬರುವ ಅಕ್ಷರಕ್ಕೆ ಎರಡು ರೂಪ ಬಿಡಿಸಿಡು, ಹತ್ತಿರ ಹತ್ತಿರ ಬಂದಾಗ ಬದಲಾಗುವ ಹಾಗೆ ಓಪನ್‌ಟೈಪಿನಲ್ಲಿ ನಿಯಮ ಬರೆಯಬಹುದು.

ಬೇರೆಯವರ ಕೆಲಸವನ್ನೂ ಬಿಚ್ಚಿ ನೋಡು. ವೈಷ್ಣವಿ ಮೂರ್ತಿ, ಹುವಾನ್ ಲೂಯಿಸ್ ಬ್ಲಾಂಕೊ ಸೇರಿ ಮಾಡಿದ ‘ಅಕಾಯ’ ಪ್ರಯೋಗದ ಫಾಂಟೇ. ಏಕ್ ಟೈಪ್‌ನವರ ‘ಬಾಲೂ ತಮ್ಮ’ ಬಲು ದಪ್ಪ. ಅಷ್ಟು ದಪ್ಪದಲ್ಲಿ ಅಕ್ಷರದ ಒಳಗೆ ಗಾಳಿಯಾಡಲು ಎಲ್ಲಿ ಜಾಗ ಬಿಟ್ಟಿದ್ದಾರೆಂದು ಗಮನಿಸು. ಎರಡೂ ಮುಕ್ತ ಪರವಾನಗಿಯವು, ಕೇಳಿಕೊಳ್ಳುವ ಹಂಗಿಲ್ಲ.

ನಿನ್ನದು ಶೀರ್ಷಿಕೆಗೆ, ಪೋಸ್ಟರಿಗೆ ಆಗುವ ಅಕ್ಷರ. ಪುಸ್ತಕದ ಒಳಪುಟಕ್ಕೆ ಹೊಂದಿಸಲು ಹೋಗಿ ಅದರ ಕೊಬ್ಬು ಇಳಿಸಬೇಡ. ದೊಡ್ಡದಾಗಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸು. ಫಾಂಟು ಗೀಂಟು ಗೊತ್ತಿಲ್ಲದವರನ್ನು ಕರೆದು, ದೂರ ನಿಲ್ಲಿಸಿ ಗಟ್ಟಿಯಾಗಿ ಓದಿಸು. ಎಲ್ಲೆಲ್ಲಿ ತಡವರಿಸಿದರೋ ಅಲ್ಲೆಲ್ಲ ಗುರುತು ಹಾಕಿಕೋ. ‘ಚೆಂದ ಇದೆ’ ಅಂದರೆ ಅದನ್ನು ಬರೆದುಕೊಳ್ಳಬೇಡ.