ಕಷ್ಟದ ಕಾಲ ಬಂತು, ಹೊಣೆ ಯಾರದು?

ಕೆಲವು ವರ್ಷ ಕೈತುಂಬ ಕೆಲಸ ಇರುತ್ತೆ. ಕೆಲವು ವರ್ಷ ಹುಡುಕಿದರೂ ಕೆಲಸ ಸಿಗಲ್ಲ. ಕೂಲಿ ಇಳಿಯುತ್ತೆ, ಅಂಗಡಿ ಸಾಲ ಏರುತ್ತೆ. ಆಗ ಅರಳಿಕಟ್ಟೆ ಮೇಲೆ ಮಾತು ಶುರುವಾಗುತ್ತೆ.

“ಎಲ್ಲಾ ಈ ಸರ್ಕಾರದಿಂದಲೇ ಆದದ್ದು” ಅಂತಾರೆ ಒಬ್ಬರು.

“ಸರ್ಕಾರ ಏನು ಮಾಡೀತು? ಕಾಲವೇ ಕೆಟ್ಟಿದೆ” ಅಂತಾರೆ ಇನ್ನೊಬ್ಬರು.

ಯಾರ ಮಾತು ಸರಿ? ಬನ್ನಿ, ಯೋಚಿಸೋಣ.

ಹಿಂಜರಿತ ಅಂದರೇನು?

ಪೇಟೆಯಲ್ಲಿ ಸೀರೆ ಕೊಳ್ಳುವವರು ಕಡಿಮೆ ಆದರು ಅನ್ನಿ. ಅಂಗಡಿಯವನು ಹೊಸ ಸೀರೆ ತರಿಸುವುದಿಲ್ಲ. ನೇಕಾರನ ಮಗ್ಗ ನಿಲ್ಲುತ್ತೆ. ನೂಲು ಸುತ್ತುವ ಹೆಂಗಸಿಗೆ ಕೂಲಿ ಇಲ್ಲ. ಆಕೆ ಬೇಳೆ, ಬೆಲ್ಲ ಕೊಳ್ಳುವುದನ್ನು ಕಡಿಮೆ ಮಾಡ್ತಾಳೆ. ಕಿರಾಣಿ ಅಂಗಡಿಯ ವ್ಯಾಪಾರವೂ ಬೀಳುತ್ತೆ. ಒಬ್ಬರ ಖರ್ಚೇ ಇನ್ನೊಬ್ಬರ ಸಂಪಾದನೆ. ಇಡೀ ದೇಶದಲ್ಲಿ ಹೀಗಾಗಿ, ತಿಂಗಳುಗಟ್ಟಲೆ ನಡೆದರೆ ಅದೇ ಆರ್ಥಿಕ ಹಿಂಜರಿತ.

ಕೆರೆಯ ಲೆಕ್ಕ

ನಮ್ಮ ಊರ ಕೆರೆ ನೋಡಿ. ಮಳೆ ಯಾರ ಕೈಯಲ್ಲೂ ಇಲ್ಲ. ಆದರೆ ಹೂಳು ತೆಗೆಸುವುದು ನಮ್ಮ ಕೈಯಲ್ಲಿದೆ. ಏರಿ ಗಟ್ಟಿ ಮಾಡುವುದು ನಮ್ಮ ಕೈಯಲ್ಲಿದೆ. ಇರುವ ನೀರನ್ನು ಸರಿಯಾಗಿ ಹಂಚುವುದೂ ನಮ್ಮ ಕೈಯಲ್ಲಿದೆ.

ಸರ್ಕಾರದ ಲೆಕ್ಕವೂ ಹೀಗೇ. ಕಷ್ಟ ಬಂದಾಗ ಮೂರು ಪ್ರಶ್ನೆ ಕೇಳಬೇಕು. ಪೆಟ್ಟು ಎಲ್ಲಿಂದ ಬಂತು? ಮೊದಲೇ ತಯಾರಿ ಇತ್ತೇ? ಪೆಟ್ಟು ಬಿದ್ದ ಮೇಲೆ ಏನು ಮಾಡಿದರು?

ನಮ್ಮ ದೇಶದಲ್ಲಿ ನಡೆದ ಮೂರು ಸಂಗತಿಗಳನ್ನು ಹೀಗೆ ತೂಗಿ ನೋಡೋಣ.

1979ರ ಬರ

1979ರಲ್ಲಿ ದೇಶದ ಬಹುಭಾಗದಲ್ಲಿ ಮಳೆ ಕೈಕೊಟ್ಟಿತು. ಅದೇ ವರ್ಷ ಇರಾನ್ ದೇಶದಲ್ಲಿ ಕ್ರಾಂತಿಯಾಯಿತು. ಹೊರದೇಶದಿಂದ ಬರುವ ತೈಲದ ಬೆಲೆ ವಿಪರೀತ ಏರಿತು. ದೇಶದ ಆದಾಯ ನೂರು ರೂಪಾಯಿ ಇದ್ದದ್ದು ಸುಮಾರು 95ಕ್ಕೆ ಇಳಿಯಿತು.

ಮಳೆಯನ್ನು ಯಾವ ಪಕ್ಷವೂ ತಡೆಯಲಿಲ್ಲ. ಆದರೆ ದೆಹಲಿಯಲ್ಲಿದ್ದ ಜನತಾ ಪಕ್ಷ ಒಳಜಗಳದಿಂದ ಒಡೆಯಿತು. ಸರ್ಕಾರ ಜುಲೈನಲ್ಲೇ ಬಿತ್ತು. ಬಿತ್ತನೆ ಕಾಲದಲ್ಲಿ ಮನೆ ಯಜಮಾನರು ಜಗಳಕ್ಕೆ ನಿಂತ ಹಾಗಾಯಿತು. ಇನ್ನೊಂದು ಕಡೆ, ಹಿಂದಿನ ಒಳ್ಳೆಯ ಬೆಳೆಯ ಧಾನ್ಯ ಗೋದಾಮಿನಲ್ಲಿತ್ತು. ಕೂಲಿಗಾಗಿ ಕಾಳು ಕೊಡುವ ಯೋಜನೆಯನ್ನು ಅದೇ ಸರ್ಕಾರ 1977ರಲ್ಲಿ ಶುರು ಮಾಡಿತ್ತು. ಅದು ಬಡವರ ನೆರವಿಗೆ ಬಂತು. 1980ರ ಜನವರಿಯಲ್ಲಿ ಚುನಾವಣೆ ನಡೆಯಿತು. ಈರುಳ್ಳಿ ಬೆಲೆಯೇ ದೊಡ್ಡ ಮಾತಾಯಿತು. ಜನತಾ ಪಕ್ಷ ಸೋತಿತು. ಇಂದಿರಾ ಗಾಂಧಿ ಮತ್ತೆ ಪ್ರಧಾನಿಯಾದರು.

1991ರ ಬಿಕ್ಕಟ್ಟು

1990ರ ಆಗಸ್ಟ್‌ನಲ್ಲಿ ಇರಾಕ್ ದೇಶ ಕುವೈತನ್ನು ಹಿಡಿಯಿತು. ತೈಲದ ಬೆಲೆ ಮತ್ತೆ ಏರಿತು. ಅಲ್ಲಿ ದುಡಿಯುತ್ತಿದ್ದ ಲಕ್ಷಕ್ಕೂ ಹೆಚ್ಚು ಭಾರತೀಯರು ಊರಿಗೆ ಮರಳಿದರು. ನಮ್ಮ ಕರಾವಳಿಯವರೂ ಅವರಲ್ಲಿದ್ದರು. ಅವರು ಮನೆಗೆ ಕಳಿಸುತ್ತಿದ್ದ ಹಣ ನಿಂತಿತು.

ಆದರೆ ಪೆಟ್ಟು ಹೊರಗಿನದು ಮಾತ್ರವೇ? ಅಲ್ಲ. ಹತ್ತು ವರ್ಷದಿಂದ ಸರ್ಕಾರಗಳು ಆದಾಯಕ್ಕಿಂತ ಹೆಚ್ಚು ಖರ್ಚು ಮಾಡಿದ್ದವು. ಸಾಲ ಬೆಳೆದಿತ್ತು. ಕೆರೆಯಲ್ಲಿ ಹೂಳು ತುಂಬಿತ್ತು. 1991ರಲ್ಲಿ ದೇಶದ ಬಳಿ ಕೆಲವೇ ವಾರಕ್ಕೆ ಸಾಲುವಷ್ಟು ವಿದೇಶಿ ಹಣ ಉಳಿಯಿತು. ಚಂದ್ರಶೇಖರ್ ಪ್ರಧಾನಿ ಆಗಿದ್ದಾಗ, ಮೇ ತಿಂಗಳಲ್ಲಿ, 20 ಟನ್ ಚಿನ್ನ ಹೊರಗೆ ಹೋಯಿತು. ನರಸಿಂಹ ರಾವ್ ಬಂದ ಮೇಲೆ, ಜುಲೈನಲ್ಲಿ, ಸುಮಾರು 47 ಟನ್ ಚಿನ್ನ ಅಡವು ಬಿತ್ತು. ಕಷ್ಟಕ್ಕೆ ಮನೆಯಾಕೆಯ ಬಳೆ ಅಡವಿಟ್ಟ ಹಾಗೆ! ರೂಪಾಯಿ ಬೆಲೆಯನ್ನೂ ಇಳಿಸಿದರು. ಆ ವರ್ಷ ದೇಶದ ಆದಾಯ ಬೆಳೆಯುವುದು ಹೆಚ್ಚುಕಡಿಮೆ ನಿಂತೇ ಹೋಯಿತು.

ಸಾಲ ಮಾಡಿದವರು ಹಲವರು. ಅಡವು ಇಟ್ಟವರು ಮಾತ್ರ ಕೊನೆಗೆ ಬಂದವರು. ಕುರ್ಚಿಯಲ್ಲಿ ಕೂತವರನ್ನಷ್ಟೇ ಬೈದರೆ ಲೆಕ್ಕ ಅರ್ಧಕ್ಕೇ ನಿಲ್ಲುತ್ತೆ.

2020ರ ಕೊರೊನಾ

ಈ ರೋಗ ಇಡೀ ಜಗತ್ತಿಗೆ ಬಂತು. ಬೇರೆ ಬೇರೆ ಪಕ್ಷಗಳು ಆಳುವ ಎಷ್ಟೋ ದೇಶಗಳಲ್ಲಿ ಆದಾಯ ಕುಸಿಯಿತು. ರೋಗ ತಂದದ್ದು ನಮ್ಮ ಸರ್ಕಾರ ಅಲ್ಲ. ಆದರೆ ಲಾಕ್‌ಡೌನ್ ಸರ್ಕಾರದ ತೀರ್ಮಾನ. ಮಾರ್ಚ್ 24ರ ರಾತ್ರಿ 8 ಗಂಟೆಗೆ ಘೋಷಣೆ ಆಯಿತು. ನಡುರಾತ್ರಿಗೆ ದೇಶ ಮುಚ್ಚಿತು. ಕೂಲಿಗಳು ಮಕ್ಕಳನ್ನು ಹೊತ್ತು ನೂರಾರು ಮೈಲಿ ನಡೆದರು. ಏಪ್ರಿಲ್‌ನಿಂದ ಜೂನ್‌ವರೆಗೆ ದೇಶದ ಆದಾಯ, ಹಿಂದಿನ ವರ್ಷದ ಅದೇ ತಿಂಗಳುಗಳಿಗಿಂತ ಸುಮಾರು ಕಾಲುಭಾಗ ಕಡಿಮೆಯಾಯಿತು.

ಮುಚ್ಚಬೇಕಿತ್ತೇ? ಮುಚ್ಚುವುದಾದರೆ ಕೂಲಿಗಳಿಗೆ ಊರು ಸೇರಲು ಸಮಯ ಕೊಡಬೇಕಿತ್ತೇ? ಈ ಪ್ರಶ್ನೆ ಕೇಳುವ ಹಕ್ಕು ನಮಗಿದೆ. ಬಡವರಿಗೆ ತಲೆಗೆ 5 ಕಿಲೋ ಧಾನ್ಯ ಉಚಿತವಾಗಿ ಸಿಕ್ಕಿತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಊರಿಗೆ ಮರಳಿದವರಲ್ಲಿ ಅನೇಕರಿಗೆ ಉದ್ಯೋಗ ಖಾತರಿ ಕೆಲಸ ಸಿಕ್ಕಿತು. ಆ ಕಾನೂನು 2005ರಲ್ಲಿ ಇನ್ನೊಂದು ಸರ್ಕಾರ ಮಾಡಿದ್ದು. ಒಬ್ಬರು ಕಟ್ಟಿದ ಏರಿ ಇನ್ನೊಬ್ಬರ ಕಾಲದಲ್ಲಿ ನೀರು ಹಿಡಿಯಿತು.

ನಾವು ಏನು ತಿಳಿದೆವು?

ಹಿಂಜರಿತಕ್ಕೆಲ್ಲ ಆಳುವ ಪಕ್ಷವೇ ಕಾರಣ ಅಂತ ಹೇಳಲಾಗದು. ಹಾಗಂತ ಅದಕ್ಕೆ ಹೊಣೆಯೇ ಇಲ್ಲ ಅನ್ನುವುದೂ ತಪ್ಪು. ಬರಕ್ಕೆ ಹೊಣೆಯಲ್ಲ, ಖಾಲಿ ಗೋದಾಮಿಗೆ ಹೊಣೆ. ರೋಗಕ್ಕೆ ಹೊಣೆಯಲ್ಲ, ಹಸಿದವರನ್ನು ಮರೆತರೆ ಹೊಣೆ.

ಚುನಾವಣೆ ಬಂದಾಗ ಭಾಷಣ ಕೇಳಿ. ಒಳ್ಳೆ ಕಾಲಕ್ಕೆ “ನಾವು ಮಾಡಿದ್ದು” ಅಂತಾರೆ. ಕೆಟ್ಟ ಕಾಲಕ್ಕೆ “ಹಿಂದಿನವರು ಮಾಡಿದ್ದು” ಅಂತಾರೆ. ಎಲ್ಲ ಪಕ್ಷದವರೂ ಹೀಗೇ. ಮಳೆಗೆ ಹೊಗಳಿಕೆ ಬೇಕು, ಬರಕ್ಕೆ ಬೈಗುಳ ಬೇಡ ಅಂದರೆ ಹೇಗೆ?

ಓದು ಕಲಿತ ನಾವು ಬೇರೆಯವರ ಲೆಕ್ಕ ನಂಬಿ ಕೂರಬೇಕಾಗಿಲ್ಲ. ಪೇಪರ್ ಓದೋಣ. ಮೂರು ಪ್ರಶ್ನೆ ಕೇಳೋಣ. ಆಮೇಲೆ ಓಟು ಹಾಕೋಣ.

ಮಾತಾಡಿ, ಬರೆಯಿರಿ

1. ಒಬ್ಬರ ಖರ್ಚು ಇನ್ನೊಬ್ಬರ ಸಂಪಾದನೆ ಹೇಗೆ? ನಿಮ್ಮ ಊರಿನ ಉದಾಹರಣೆ ಕೊಡಿ.
2. 1991ರಲ್ಲಿ ಹೊರಗಿನ ಪೆಟ್ಟು ಯಾವುದು? ಒಳಗಿನ ತಪ್ಪು ಯಾವುದು?
3. 2020ರಲ್ಲಿ ನಿಮ್ಮ ಮನೆಗೆ ಯಾವ ನೆರವು ಬಂತು? ಯಾವುದು ಬರಲಿಲ್ಲ?

ಪದಗಳ ಅರ್ಥ

ಹಿಂಜರಿತ: ಹಿಂದಕ್ಕೆ ಸರಿಯುವುದು
ಬಿಕ್ಕಟ್ಟು: ಇಕ್ಕಟ್ಟಿನ ಸ್ಥಿತಿ
ಹೊಣೆ: ಜವಾಬ್ದಾರಿ